ಆಯುಕ್ತರ ಮುಂದೆ ಹೇಳದ ಮಾತು ಮೇಲ್ಮನವಿಯಲ್ಲಿ ಹುಟ್ಟುವುದಿಲ್ಲ: ಕಾರ್ಮಿಕ ಪರಿಹಾರದ ಮೊಕದ್ದಮೆಗಳಲ್ಲಿ ನನ್ನ ಅನುಭವ

ಧಾರವಾಡದ ಹೈಕೋರ್ಟ್ ಪೀಠದಲ್ಲಿ ನಾನು ವಾದಿಸಿದ ಮೊದಲ ಕಾರ್ಮಿಕ ಪರಿಹಾರದ ಮೇಲ್ಮನವಿ ಹತ್ತು ನಿಮಿಷವೂ ಬಾಳಲಿಲ್ಲ. ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ ಗಾರೆ ಕೆಲಸದವರೊಬ್ಬರ ಪರವಾಗಿ ನಿಂತಿದ್ದೆ. ಅವರು ಗುತ್ತಿಗೆದಾರನ ಬಳಿ ಕೆಲಸಕ್ಕಿದ್ದರೆಂಬುದು ಸಾಬೀತಾಗಿಲ್ಲ ಎಂದು, ಪರಿಹಾರದ ಅರ್ಜಿಗಳನ್ನು ಮೊದಲು ವಿಚಾರಿಸುವ ಆಯುಕ್ತರು ಅರ್ಜಿಯನ್ನು ವಜಾ ಮಾಡಿದ್ದರು. ಇಪ್ಪತ್ತೆರಡು ಪುಟಗಳ ಮೇಲ್ಮನವಿಯಲ್ಲಿ ನಾನು ಪ್ರತಿಯೊಬ್ಬ ಸಾಕ್ಷಿಯ ಮಾತನ್ನೂ ಮತ್ತೆ ತೂಗಿ ತೋರಿಸಿದ್ದೆ. ನ್ಯಾಯಮೂರ್ತಿಗಳು ಎರಡು ಪುಟ ತಿರುವಿ, "ಇದೆಲ್ಲ ಸಂಗತಿಯ ವಿಚಾರವಾಯಿತು, ಕಾನೂನಿನ ಪ್ರಶ್ನೆ ಯಾವುದು?" ಎಂದು ಕೇಳಿದರು. ಮೂರನೆಯ ಸಾಕ್ಷಿ ನಂಬಲರ್ಹ ಎಂದು ಉತ್ತರಿಸತೊಡಗಿದೆ. ಅಷ್ಟರಲ್ಲಿ ಮೇಲ್ಮನವಿ, ವಿಚಾರಣೆಗೆ ತೆಗೆದುಕೊಳ್ಳಬೇಕೇ ಎಂದು ನೋಡುವ ಅಂಗೀಕಾರದ ಹಂತದಲ್ಲೇ ವಜಾ ಆಗಿತ್ತು.

ಕೆಳಗಿನ ತೀರ್ಪು ತಪ್ಪೆಂದು ತೋರಿಸಿದರೆ ಮೇಲಿನವರು ಸರಿಪಡಿಸುತ್ತಾರೆ ಎಂಬ ಸಾಮಾನ್ಯ ತಿಳಿವಳಿಕೆ 1923ರ ಕಾಯ್ದೆಯ ಮೊಕದ್ದಮೆಗಳಿಗೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಕಾರ್ಮಿಕರ ಪರಿಹಾರ ಕಾಯ್ದೆ ಎಂದಿದ್ದು 2010ರ ಜನವರಿಯಿಂದ ನೌಕರರ ಪರಿಹಾರ ಕಾಯ್ದೆ ಎನಿಸಿಕೊಂಡ ಆ ಕಾನೂನಿನ 30ನೇ ಕಲಮು, ಸಾರಭೂತವಾದ ಕಾನೂನು ಪ್ರಶ್ನೆಯೊಂದು ಇದ್ದರೆ ಮಾತ್ರ ಮೇಲ್ಮನವಿ ಉಂಟು ಎನ್ನುತ್ತದೆ. ಅವಧಿ 60 ದಿನ. ಉದ್ಯೋಗದಾತ ಮೇಲ್ಮನವಿ ಹಾಕುವುದಾದರೆ, ಆದೇಶದ ಮೊತ್ತವನ್ನು ಆಯುಕ್ತರ ಬಳಿ ಠೇವಣಿ ಇಟ್ಟಿದ್ದಕ್ಕೆ ಅವರ ಪ್ರಮಾಣಪತ್ರವನ್ನೂ ಲಗತ್ತಿಸಬೇಕು. ಎದುರು ಪಕ್ಷದ ಕಡತ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಆ ಹಾಳೆಯನ್ನೇ. ಈಗ ಸಾಮಾಜಿಕ ಭದ್ರತಾ ಸಂಹಿತೆ ಬಂದು ಕಲಮುಗಳ ಸಂಖ್ಯೆ ಬದಲಾಗಿದೆ. ನಾನು ಹೇಳುತ್ತಿರುವುದು ಹಳೆಯ ಕಾಯ್ದೆಯಡಿ ನಡೆದ ಮೊಕದ್ದಮೆಗಳ ಮಾತು.

ನಾನು ವಕೀಲಿ ಶುರು ಮಾಡಿದ ಕಾಲಕ್ಕೆ ನಮ್ಮ ರಾಜ್ಯದಲ್ಲಿ ಕಾರ್ಮಿಕ ಅಧಿಕಾರಿಗಳೇ ಆಯುಕ್ತರಾಗಿ ಈ ಅರ್ಜಿಗಳನ್ನು ನಡೆಸುತ್ತಿದ್ದರು. ಆಮೇಲೆ ಆ ಕೆಲಸ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಬಂತು. ಆಯುಕ್ತರ ಕುರ್ಚಿಯಲ್ಲಿ ಯಾರೇ ಕುಳಿತಿರಲಿ, ಸಂಗತಿಗಳ ಮಟ್ಟಿಗೆ ಅವರ ಮಾತೇ ಕೊನೆಯದು. ಇದನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಗೊಲ್ಲ ರಾಜಣ್ಣ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿತು. ಅದೂ ಕರ್ನಾಟಕದಿಂದ ಹೋದ ಪ್ರಕರಣವೇ. ಗಾಯದ ಸ್ವರೂಪ ಮತ್ತು ಅಂಗವೈಕಲ್ಯದ ಪ್ರಮಾಣ ಶುದ್ಧ ಸಂಗತಿಯ ವಿಷಯವಾಗಿದ್ದು, ಆ ನಿರ್ಣಯಕ್ಕೆ ಸಾಕ್ಷ್ಯವೇ ಇಲ್ಲ ಅಥವಾ ಅದು ವಿಪರೀತವಾದುದು (ವಿವೇಕವುಳ್ಳ ಯಾರೂ ಬರಲಾಗದ ತೀರ್ಮಾನ) ಎಂದು ತೋರಿಸದ ಹೊರತು ಹೈಕೋರ್ಟ್ ಸಾಕ್ಷ್ಯವನ್ನು ಮರುತೂಗುವಂತಿಲ್ಲ ಎಂಬುದು ಅದರ ತಿರುಳು.

ಅಂದು ನಾನು ಕಟ್ಟಬೇಕಾಗಿದ್ದ ವಾದವೂ ಈ ವಿನಾಯಿತಿಯೊಳಗೇ ಇತ್ತು. ಸಾಕ್ಷಿಯನ್ನು ನಂಬಬೇಕೋ ಬಿಡಬೇಕೋ ಎಂಬುದು ಸಂಗತಿ. ಸಾಕ್ಷಿ ನುಡಿದದ್ದನ್ನು ಆಯುಕ್ತರು ನೋಡಲೇ ಇಲ್ಲ, ಅಥವಾ ದಾಖಲೆಯಲ್ಲಿ ಇಲ್ಲದ್ದನ್ನು ಇದೆ ಎಂದು ಬರೆದರು ಎಂಬುದು ಕಾನೂನಿನ ಪ್ರಶ್ನೆ. ಆದರೆ ಅಲ್ಲದ್ದನ್ನು ಹೇಳಬಾರದು: ಗಾರೆ ಕೆಲಸದವರ ಪ್ರಕರಣದಲ್ಲಿ ಆಯುಕ್ತರು ಮೂರೂ ಸಾಕ್ಷಿಗಳ ಮಾತನ್ನು ಚರ್ಚಿಸಿಯೇ ತಳ್ಳಿಹಾಕಿದ್ದರು. ಹಾಜರಿ ಪುಸ್ತಕವನ್ನು ತರಿಸುವಂತೆ ಕೆಳಗೆ ಒಂದು ಅರ್ಜಿ ಹಾಕಿದ್ದರೆ ಮಾತು ಬೇರೆಯಾಗುತ್ತಿತ್ತು. ಅದನ್ನು ಯಾರೂ ಹಾಕಿರಲಿಲ್ಲ.

ಇದೇ ನಿಯಮ ನನ್ನ ಕಕ್ಷಿದಾರನ ಕೈ ಹಿಡಿದ ಪ್ರಕರಣವೂ ಉಂಟು. 35 ವರ್ಷದ ಲಾರಿ ಚಾಲಕನೊಬ್ಬನ ಮೊಣಕಾಲಿನ ಕೆಳಗಿನ ಮೂಳೆ ಮುರಿದು, ಪ್ಲೇಟು ಹಾಕಿದ ಮೇಲೆಯೂ ಮಂಡಿ ಪೂರ್ತಿ ಮಡಚುತ್ತಿರಲಿಲ್ಲ. ವೈದ್ಯರು ಆ ಕಾಲಿಗೆ ಶೇಕಡಾ 45, ಇಡೀ ದೇಹಕ್ಕೆ ಶೇಕಡಾ 15 ವೈಕಲ್ಯ ಎಂದಿದ್ದರು. ಆಯುಕ್ತರು ದುಡಿಯುವ ಸಾಮರ್ಥ್ಯದ ನಷ್ಟವನ್ನು ಶೇಕಡಾ 35 ಎಂದು ಹಿಡಿದಿದ್ದರು. ಮಾಲೀಕರ ಪರವಾಗಿ ಹಣ ಕೊಡಬೇಕಾಗಿದ್ದ ವಿಮಾ ಕಂಪನಿ ಮೇಲ್ಮನವಿ ಹಾಕಿ ಶೇಕಡಾ 15ಕ್ಕೇ ನಿಲ್ಲಿಸಬೇಕೆಂದು ಕೋರಿತು. ಆ ಅಪಘಾತದ ಕಾಲಕ್ಕೆ ಪರಿಹಾರದ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿ 8,000 ರೂಪಾಯಿ (2020ರ ಜನವರಿಯಲ್ಲಿ ಅದು 15,000ಕ್ಕೆ ಏರಿತು). ಅದರ ಶೇಕಡಾ 60 ಅಂದರೆ 4,800. ವಯಸ್ಸಿಗೆ ತಕ್ಕಂತೆ ಕಾಯ್ದೆಯ ಅನುಸೂಚಿ ಕೊಡುವ ಗುಣಾಂಕ 35 ವರ್ಷಕ್ಕೆ 197.06, ಗುಣಿಸಿದರೆ 9,45,888. ಶೇಕಡಾ 35ಕ್ಕೆ ಪರಿಹಾರ ಸುಮಾರು 3,31,000 ರೂಪಾಯಿ, ಶೇಕಡಾ 15ಕ್ಕೆ ಸುಮಾರು 1,42,000. ಜಗಳವೆಲ್ಲ ಈ ಅಂತರಕ್ಕೆ.

ಕಾಯ್ದೆ ಕೇಳುವುದು ದೇಹದ ವೈಕಲ್ಯವನ್ನಲ್ಲ, ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿದೆ ಎಂಬುದನ್ನು. ಕ್ಲಚ್ಚು ಒತ್ತಲಾಗದ ಚಾಲಕನಿಗೂ ಮೇಜಿನ ಮುಂದೆ ಕೂರುವ ಗುಮಾಸ್ತನಿಗೂ ಅದೇ ಮಂಡಿನೋವಿನ ಬೆಲೆ ಒಂದೇ ಅಲ್ಲ. 1976ರ ಪ್ರತಾಪ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ ಎಡಗೈ ಕಳೆದುಕೊಂಡ ಬಡಗಿಗೆ, ಒಂದೇ ಕೈಯಿಂದ ಬಡಗಿತನ ನಡೆಯದು ಎಂಬ ಕಾರಣಕ್ಕೆ, ನಷ್ಟ ಪೂರ್ಣ ಎಂದು ಸುಪ್ರೀಂ ಕೋರ್ಟ್ ಒಪ್ಪಿತ್ತು. 2008ರಲ್ಲಿ ಕೆ. ಜನಾರ್ದನ್ ಪ್ರಕರಣದಲ್ಲಿ, ಆಯನೂರಿನಿಂದ ಶಿವಮೊಗ್ಗಕ್ಕೆ ಬರುವಾಗ ಅಪಘಾತವಾಗಿ ಬಲಗಾಲು ಕತ್ತರಿಸಿಕೊಂಡ ಟ್ಯಾಂಕರ್ ಚಾಲಕನಿಗೆ ಹೈಕೋರ್ಟ್ ಶೇಕಡಾ 65ಕ್ಕೆ ಇಳಿಸಿದ್ದನ್ನು ತಳ್ಳಿಹಾಕಿ ಶೇಕಡಾ 100ನ್ನು ಮರಳಿ ಕೊಟ್ಟಿತ್ತು. ಈ ಎರಡನ್ನೂ ಮುಂದಿಟ್ಟುಕೊಂಡು ನಾವೇ ಪೂರ್ಣ ನಷ್ಟ ಕೇಳಿ ಬೇರೆ ಮೇಲ್ಮನವಿ ಹಾಕಬೇಕೆಂಬ ಆಸೆ ನನಗಿತ್ತು. ಆದರೆ ಎದುರು ವಕೀಲರ ಪಾಟೀ ಸವಾಲಿನಲ್ಲಿ ನನ್ನ ಕಕ್ಷಿದಾರ, "ತಮ್ಮನ ಟ್ರ್ಯಾಕ್ಟರನ್ನು ಒಮ್ಮೊಮ್ಮೆ ಹೊಲಕ್ಕೆ ಒಯ್ಯುತ್ತೇನೆ" ಎಂದು ಒಪ್ಪಿಕೊಂಡಿದ್ದ. ಪ್ರಾಮಾಣಿಕ ಮನುಷ್ಯ. ಆ ಒಂದು ಸಾಲಿನ ಮುಂದೆ ಜನಾರ್ದನ್ ತೀರ್ಪು ನಮಗೆ ಒದಗುವಂತಿರಲಿಲ್ಲ. ಆದ್ದರಿಂದ ಶೇಕಡಾ 35ನ್ನು ಕಾಪಾಡಿಕೊಳ್ಳುವುದಕ್ಕೆ ನಿಂತೆ. ವೈದ್ಯರು ಪರೀಕ್ಷಿಸಿ ಹೇಳಿದ್ದಾರೆ, ಆಯುಕ್ತರು ಕೆಲಸದ ಸ್ವರೂಪ ನೋಡಿ ನಿರ್ಣಯಿಸಿದ್ದಾರೆ, ಸಾಕ್ಷ್ಯವಿಲ್ಲ ಎನ್ನಲಾಗದು ಎಂದಷ್ಟೇ ಹೇಳಿ ಕುಳಿತೆ. ಕಂಪನಿಯ ಮೇಲ್ಮನವಿ ವಜಾ ಆಯಿತು.

ನಾನು ಹೆಚ್ಚು ಕಲಿತದ್ದು ಮೂರನೆಯ ಪ್ರಕರಣದಿಂದ. 45 ವರ್ಷದ ಚಾಲಕರೊಬ್ಬರು ಪುಣೆಯಿಂದ ಸರಕು ತಂದು ಇಳಿಸಿದ ರಾತ್ರಿಯೇ ಗದಗದಲ್ಲಿ ಈರುಳ್ಳಿ ಹೇರಿಕೊಂಡು ಚೆನ್ನೈ ಕಡೆಗೆ ಹೊರಟಿದ್ದರು. ತುಮಕೂರಿನ ಹತ್ತಿರ ಎದೆನೋವೆಂದು ಲಾರಿಯನ್ನು ಢಾಬಾದ ಪಕ್ಕಕ್ಕೆ ಹಾಕಿದವರು ಸ್ಟೀರಿಂಗಿನ ಮೇಲೆಯೇ ಒರಗಿದರು. ಮರಣೋತ್ತರ ಪರೀಕ್ಷೆಯ ವರದಿ ಹೃದಯಾಘಾತ ಎಂದಿತು. ಹೃದಯದ ಕಾಯಿಲೆಯಿಂದಾದದ್ದು ಸಹಜ ಸಾವು, ಅಪಘಾತವಲ್ಲ ಎಂದು ಹೇಳಿ ಅರ್ಜಿ ವಜಾ ಆಗಿತ್ತು. ಅವರ ಹೆಂಡತಿ ನನ್ನ ಬಳಿ ಬಂದಾಗ ಆದೇಶವಾಗಿ ನಾಲ್ಕು ತಿಂಗಳಾಗಿತ್ತು. ವಿಳಂಬ ಮನ್ನಿಸಲು ಬೇರೆ ಅರ್ಜಿ ಹಾಕಬೇಕಾಯಿತು.

ಇಂಥ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಎದುರುಬದುರಾಗಿ ನಿಂತಂತೆ ಕಾಣುತ್ತವೆ. 2007ರ ಶಕುಂತಲಾ ಚಂದ್ರಕಾಂತ ಶ್ರೇಷ್ಠಿ ಪ್ರಕರಣದಲ್ಲಿ ವಾಹನದಲ್ಲೇ ಹೃದಯಾಘಾತದಿಂದ ಸತ್ತ ಕ್ಲೀನರ್‌ನ ಮನೆಯವರಿಗೆ ಪರಿಹಾರ ಸಿಗಲಿಲ್ಲ: ವಾಹನದಲ್ಲಿ ಹೋಗುತ್ತಿದ್ದ ಮಾತ್ರಕ್ಕೆ ಕೆಲಸ ಶ್ರಮದಾಯಕವಾಗಿತ್ತೆಂದು ಊಹಿಸಲಾಗದು, ಒತ್ತಡಕ್ಕೆ ಸಾಕ್ಷ್ಯ ಬೇಕು ಎಂದಿತು ನ್ಯಾಯಾಲಯ. ಆದರೆ 2013ರ ಪರಮ್ ಪಾಲ್ ಸಿಂಗ್ ಪ್ರಕರಣದಲ್ಲಿ ದೆಹಲಿಯಿಂದ ನಿಮಿಯಾಘಾಟಿಗೆ ದೂರದ ಪ್ರಯಾಣ ಮಾಡುತ್ತಿದ್ದ ಲಾರಿ ಚಾಲಕ ಅಸ್ವಸ್ಥನಾಗಿ ಲಾರಿ ನಿಲ್ಲಿಸಿ ಸತ್ತಾಗ, ಸಾವಿಗೂ ಕೆಲಸಕ್ಕೂ ನಂಟಿದೆ ಎಂದು ಪರಿಹಾರ ಕೊಟ್ಟಿತು. ನನ್ನ ಓದಿನಲ್ಲಿ ಇವೆರಡೂ ಜಗಳವಾಡುವುದಿಲ್ಲ. ಹೃದಯದ ಸ್ಥಿತಿಯಷ್ಟೇ ಸಾಲದು, ಕೆಲಸ ಅದನ್ನು ಬಿಗಡಾಯಿಸಿತು ಎಂಬುದಕ್ಕೆ ಕಡತದಲ್ಲಿ ಏನಿದೆ ಎಂದು ಎರಡೂ ಕೇಳುತ್ತವೆ.

ಕೆಳಗಿನ ಕೋರ್ಟಿನ ಕಡತ ಬಂದ ಮೇಲೆ ಎರಡು ರಾತ್ರಿ ಅದನ್ನೇ ಓದಿದೆ. ಪುಣೆಯ ಪ್ರಯಾಣದ ಟೋಲ್ ಚೀಟಿಗಳು, ಗದಗದಲ್ಲಿ ಮಾಲು ಹೇರಿದ ರಸೀದಿ, ಎಲ್ಲವನ್ನೂ ಮೊದಲ ವಕೀಲರು ಸಾಕ್ಷ್ಯವಾಗಿ ಗುರುತು ಹಾಕಿಸಿದ್ದರು. ಅವರಿಗೆ ನಾನು ಇಂದಿಗೂ ಋಣಿ. ಚೀಟಿಗಳ ಮೇಲಿನ ಸಮಯಗಳನ್ನು ಸಾಲಾಗಿ ಜೋಡಿಸಿದರೆ ನಡುವೆ ನಿದ್ರೆಗೆ ನಾಲ್ಕು ಗಂಟೆಯೂ ಉಳಿಯುತ್ತಿರಲಿಲ್ಲ. ಇನ್ನೊಂದು ಮಾತನ್ನು ಎದುರು ಪಕ್ಷವೇ ತಂದುಕೊಟ್ಟಿತ್ತು. ಎರಡನೆಯ ಸಾಕ್ಷಿಯಾಗಿದ್ದ ಕ್ಲೀನರ್ ಹುಡುಗನಿಗೆ ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ, ಬೇಗ ಹೋಗಲು ಯಾರೂ ಒತ್ತಾಯಿಸಿರಲಿಲ್ಲವಲ್ಲ ಎಂದು ಕೇಳಿದ್ದರು. ಆತ, "ಈರುಳ್ಳಿ ಕೊಳೆಯುತ್ತವೆ ಎಂದು ಸಾವ್ಕಾರ್ರು ದಾರಿಯುದ್ದಕ್ಕೂ ಫೋನ್ ಮಾಡುತ್ತಿದ್ದರು, ಅಣ್ಣ ಊಟಕ್ಕೂ ಇಳಿಯಲಿಲ್ಲ" ಎಂದಿದ್ದ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದೆಂದು ನಮ್ಮ ಹಿರಿಯರು ಸುಮ್ಮನೆ ಹೇಳುತ್ತಿರಲಿಲ್ಲ. ಈ ಮಾತಿನ ಬಗ್ಗೆಯಾಗಲಿ ಚೀಟಿಗಳ ಬಗ್ಗೆಯಾಗಲಿ ಆಯುಕ್ತರ ಆದೇಶದಲ್ಲಿ ಒಂದು ಸಾಲೂ ಇರಲಿಲ್ಲ.

ಈ ಬಾರಿ ಮೇಲ್ಮನವಿಯನ್ನು ಐದು ಪುಟಕ್ಕೆ ಮುಗಿಸಿದೆ. ಚಾಲಕ ದಣಿದಿದ್ದ ಎಂದು ನಾನು ವಾದಿಸಲಿಲ್ಲ. ದಣಿವಿಗೆ ಸಂಬಂಧಿಸಿದ, ಅಲ್ಲಗಳೆಯದೆ ಉಳಿದ ಸಾಕ್ಷ್ಯವನ್ನು ಪರಿಗಣಿಸದೆಯೇ ಸಾವು ಕೆಲಸದಿಂದ ಉಂಟಾದದ್ದಲ್ಲ ಎಂದು ತೀರ್ಮಾನಿಸಿದ್ದು ಕಾನೂನಿನಲ್ಲಿ ನಿಲ್ಲುತ್ತದೆಯೇ ಎಂದು ಕೇಳಿದೆ. ನ್ಯಾಯಮೂರ್ತಿಗಳು ಅದನ್ನೇ ಕೊಂಚ ತಿದ್ದಿ ಸಾರಭೂತ ಕಾನೂನು ಪ್ರಶ್ನೆಯಾಗಿ ರೂಪಿಸಿದರು. ಕಂಪನಿಯ ಪರ ವಕೀಲರು ಗೊಲ್ಲ ರಾಜಣ್ಣ ತೀರ್ಪನ್ನು ಓದಿದರು; ಎರಡು ವರ್ಷದ ಹಿಂದೆ ಮಂಡಿ ಮಡಚಲಾಗದ ಚಾಲಕನ ಪರವಾಗಿ ಅದೇ ತೀರ್ಪನ್ನು ನಾನು ಓದಿದ್ದೆ. ಸಾಕ್ಷ್ಯವನ್ನು ತೂಗಿ ಬಿಟ್ಟಿದ್ದರೆ ಆ ತೀರ್ಪು ಅಡ್ಡ ಬರುತ್ತಿತ್ತು, ಇಲ್ಲಿ ತಕ್ಕಡಿಗೆ ಹಾಕಿಯೇ ಇಲ್ಲ ಎಂದು ಉತ್ತರಿಸಿದೆ. ಪುನರ್ವಿಚಾರಣೆಗೆ ಹಿಂದಕ್ಕೆ ಕಳಿಸುತ್ತಾರೆಂಬ ಭಯವಿತ್ತು, ಏಕೆಂದರೆ ಆ ಹೊತ್ತಿಗೆ ಕ್ಲೀನರ್ ಹುಡುಗ ಯಾವ ಊರಿನಲ್ಲಿದ್ದಾನೆಂದು ಯಾರಿಗೂ ತಿಳಿದಿರಲಿಲ್ಲ. ಎಲ್ಲ ಸಾಕ್ಷ್ಯವೂ ಕಡತದಲ್ಲೇ ಇರುವುದರಿಂದ ಹಿಂದಕ್ಕೆ ಕಳಿಸುವ ಅಗತ್ಯವಿಲ್ಲವೆಂದು ನ್ಯಾಯಾಲಯ ಮೇಲ್ಮನವಿಯನ್ನು ಪುರಸ್ಕರಿಸಿತು. ಸಾವಿನ ಪ್ರಕರಣವಾದ್ದರಿಂದ ಶೇಕಡಾ 60ರ ಬದಲು 8,000ದ ಅರ್ಧ 4,000, 45 ವರ್ಷದ ಗುಣಾಂಕ 169.44, ಪರಿಹಾರ 6,77,760 ರೂಪಾಯಿ.

ಕೊನೆಯ ಎಳೆದಾಟ ಬಡ್ಡಿಯ ಬಗ್ಗೆ ನಡೆಯಿತು. ಪರಿಹಾರ ಬಾಕಿಯಾಗಿ ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12ರ ಸರಳ ಬಡ್ಡಿ ಎನ್ನುತ್ತದೆ ಕಾಯ್ದೆ. ಹಣ ಬಾಕಿಯಾದದ್ದು ಹೈಕೋರ್ಟಿನ ತೀರ್ಪಿನ ದಿನ ಎಂದು ಕಂಪನಿ ವಾದಿಸಿತು. ಬಡಗಿಯ ಪ್ರಕರಣದಲ್ಲೇ ಪರಿಹಾರ ಅಪಘಾತದ ದಿನವೇ ಬಾಕಿಯಾಗುತ್ತದೆಂದು ಹೇಳಿಯಾಗಿದೆ, 2012ರ ಸಿಬಿ ಜಾರ್ಜ್ ಪ್ರಕರಣ ಅದನ್ನೇ ಮತ್ತೆ ದೃಢಪಡಿಸಿದೆ ಎಂದು ತೋರಿಸಿದೆ. ಚಾಲಕರು ಸತ್ತು ಆರು ವರ್ಷವಾಗಿತ್ತು. ಬಡ್ಡಿ ವರ್ಷಕ್ಕೆ 81,331 ರೂಪಾಯಿ. ಸಾವಿನ ದಿನದಿಂದ ಒಂದು ತಿಂಗಳು ಬಿಟ್ಟು ಬಡ್ಡಿ ಕೊಡಬೇಕೆಂದು ಆದೇಶವಾಯಿತು. ತಡ ಮಾಡಿದ್ದಕ್ಕೆ ಹಾಕಬಹುದಾದ ಶೇಕಡಾ 50ರವರೆಗಿನ ದಂಡವನ್ನು ನಾನು ಒತ್ತಿ ಕೇಳಲಿಲ್ಲ. ಸುಪ್ರೀಂ ಕೋರ್ಟಿನ ವೇದ್ ಪ್ರಕಾಶ್ ಗರ್ಗ್ ತೀರ್ಪಿನ ಪ್ರಕಾರ ದಂಡ ವಿಮಾ ಕಂಪನಿಯ ಮೇಲೆ ಬೀಳುವುದಿಲ್ಲ, ಮಾಲೀಕರೇ ಕೊಡಬೇಕು. ಅವರು ಆ ಲಾರಿಯನ್ನು ಎಂದೋ ಮಾರಿ ಊರು ಬಿಟ್ಟಿದ್ದರು.