ಸಾಸಿವೆಯ ಪುಟ್ಟ ನೆಂಟರು: ಹೂ ಬಿಡಿ, ಕಾಯಿ ನೋಡಿ

ಇಂಗ್ಲೆಂಡಿನಲ್ಲಿ ಮಾರ್ಚ್ ಬಂತೆಂದರೆ ಫುಟ್‌ಪಾತ್ ಬಿರುಕು, ಹೂಕುಂಡ, ಕಾರ್ ಪಾರ್ಕಿನ ಜಲ್ಲಿ ಎಲ್ಲೆಲ್ಲೂ ಗೇಣುದ್ದವೂ ಇಲ್ಲದ ಬಿಳಿ ಹೂವಿನ ಗಿಡಗಳು. ನಮ್ಮ ಬೀದಿಯವರಿಗೆ ಅವೆಲ್ಲ ಬರೀ ಕಳೆ. ನನಗೆ ಅವು ಒಗ್ಗರಣೆ ಸಾಸಿವೆಯ ಬಡ ನೆಂಟರು. ಹೆಸರು ಹಿಡಿಯೋದು ಅಂಥ ಕಷ್ಟವೇನಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದಿರಲಿ. ದಾರಿಯಲ್ಲಿ ಮಂಡಿಯೂರಿ ಕೂರಲು ನಾಚಿಕೆ ಇರಬಾರದು, ಅಷ್ಟೇ.

ಮೊದಲು ಮನೆತನ ಗೊತ್ತು ಮಾಡಿಕೊಳ್ಳಿ. ಬಿಡಿಬಿಡಿಯಾದ ನಾಲ್ಕು ಎಸಳು, ಎದುರುಬದುರು. ಒಳಗೆ ಸಾಮಾನ್ಯವಾಗಿ ಆರು ಕೇಸರ: ನಾಲ್ಕು ಉದ್ದ, ಎರಡು ಗಿಡ್ಡ. ಕಡ್ಡಿಯ ತುದಿಯಲ್ಲಿ ಹೂ ಅರಳುತ್ತಿರುವಾಗಲೇ ಕೆಳಗಡೆ ಕಾಯಿ ಕಟ್ಟಿರುತ್ತದೆ. ನಾಲ್ಕು ಎಸಳು ಕಂಡಿತು ಅಂತ ನೀಲಿ ಸ್ಪೀಡ್‌ವೆಲ್ ಗಿಡವನ್ನು ಇಲ್ಲಿಗೆ ಸೇರಿಸಬೇಡಿ. ಅದರ ಎಸಳುಗಳು ಬುಡದಲ್ಲಿ ಕೂಡಿಕೊಂಡಿರುತ್ತವೆ, ಹೂ ಇಡಿಯಾಗಿ ಉದುರುತ್ತದೆ.

ಇಷ್ಟಾದ ಮೇಲೆ ಹೂವನ್ನು ಮರೆತುಬಿಡಿ. ಬಿಳಿಯವೆಲ್ಲ ದೂರಕ್ಕೆ ಒಂದೇ ಥರ. ಎಲೆಯನ್ನೂ ಜಾಸ್ತಿ ನಂಬಬೇಡಿ. ಒಂದೇ ಜಾತಿ ಗೊಬ್ಬರದ ಮಣ್ಣಲ್ಲಿ ಕೊಬ್ಬಿ, ಸಿಮೆಂಟ್ ಬಿರುಕಲ್ಲಿ ಸೊರಗಿ, ಗುರುತೇ ಸಿಗದಂತಿರುತ್ತದೆ. ಹೆಸರು ಹೇಳುವುದು ಕಾಯಿ.

ಶೆಫರ್ಡ್ಸ್ ಪರ್ಸ್‌ನಿಂದ ಶುರು ಮಾಡಿ. ಇದರ ಕಾಯಿ ಚಪ್ಪಟೆ, ತಲೆಕೆಳಗಾದ ತ್ರಿಕೋನ, ಮೇಲಂಚಿನಲ್ಲಿ ಸಣ್ಣ ಕಚ್ಚು. ಹಳದಿಗೆ ತಿರುಗಿದ ಒಂದು ಕಾಯಿಯನ್ನು ಉಗುರಲ್ಲಿ ಮೆಲ್ಲಗೆ ಒತ್ತಿ. ಎರಡು ಕಡೆಯ ಸಿಪ್ಪೆ ಕಳಚಿ ಬೀಳುತ್ತದೆ. ನಡುವೆ ಕಿರಿದಾದ ಚೌಕಟ್ಟು, ಅದಕ್ಕೆ ಬಿಗಿದ ತೆಳ್ಳನೆ ಪೊರೆ, ಅಂಚಿನುದ್ದಕ್ಕೂ ಕಂದು ಬೀಜ. ಊರಿನ ಹೊಲದಲ್ಲಿ ಒಣಗಿದ ಸಾಸಿವೆ ಕಾಯಿ ಸುಲಿದರೂ ಇದೇ ಪೊರೆ ಕಾಣುತ್ತದೆ. ಮನೆತನಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಹೇರಿ ಬಿಟರ್‌ಕ್ರೆಸ್ ಕಾಯಿ ಸಪೂರ, ನೆಟ್ಟಗೆ, ಮೇಲಿನ ಹೂವನ್ನೂ ದಾಟಿ ನಿಂತಿರುತ್ತದೆ. ಬಲಿತದ್ದನ್ನು ಮುಟ್ಟಿದರೆ ಪಟ್ ಅಂತ ಸಿಡಿಯುತ್ತದೆ, ಸಿಪ್ಪೆ ಸುರುಳಿ ಸುತ್ತಿಕೊಳ್ಳುತ್ತದೆ, ಬೀಜ ಕಣ್ಣಿಗೂ ಎಗರಬಹುದು. ಮುಖ ಹತ್ತಿರ ಒಯ್ಯುವಾಗ ಹುಷಾರು. ಇದರ ತಮ್ಮನಂಥದ್ದು ವೇವಿ ಬಿಟರ್‌ಕ್ರೆಸ್, ತೇವದ ಜಾಗದ್ದು. ಇಲ್ಲಿ ಮಾತ್ರ ಮತ್ತೆ ಹೂವಿಗೆ ಹೋಗಬೇಕು: ಹೇರಿಯಲ್ಲಿ ಸಾಮಾನ್ಯವಾಗಿ ನಾಲ್ಕೇ ಕೇಸರ, ವೇವಿಯಲ್ಲಿ ಆರು. ಒಂದೇ ಹೂ ನೋಡಿ ತೀರ್ಮಾನಿಸಬೇಡಿ, ನಾಲ್ಕೈದು ಎಣಿಸಿ.

ಥೇಲ್ ಕ್ರೆಸ್ ಕಾಯಿಯೂ ಸಪೂರವೇ, ಆದರೆ ತೆಳು ತೊಟ್ಟಿನ ಮೇಲೆ ಕಡ್ಡಿಯಿಂದ ಓರೆಯಾಗಿ ದೂರ ಚಾಚಿರುತ್ತದೆ. ಬುಡದ ಎಲೆ ಬಿಟರ್‌ಕ್ರೆಸ್‌ನಂತೆ ಬಿಡಿ ಎಲೆಗಳಾಗಿ ಒಡೆದಿರುವುದಿಲ್ಲ, ಇಡೀ ಎಲೆಯಾಗಿಯೇ ಇದ್ದು ರೋಮದಿಂದ ಕೂಡಿರುತ್ತದೆ. ಲ್ಯಾಬಿನವರು ಪ್ರಯೋಗಕ್ಕೆ ಬೆಳೆಸುವ ಅರಾಬಿಡಾಪ್ಸಿಸ್ ಇದೇ. ಗಿಡಗಳ ಪೈಕಿ ಮೊದಲು ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಓದಿದ್ದು ಇದರದ್ದು, 2000ದಲ್ಲಿ. ಅಪೋಲೋ ಯಾನಿಗಳು ತಂದ ಚಂದ್ರನ ಮಣ್ಣಲ್ಲಿ ಇದನ್ನು ಬೆಳೆಸಿದ ಸುದ್ದಿ 2022ರಲ್ಲಿ ಬಂತು. ನಮ್ಮ ಬಾಗಿಲ ಮುಂದೆ ಅದನ್ನೇ ತುಳಿದುಕೊಂಡು ಓಡಾಡ್ತೀವಿ ಅಲ್ವಾ!

ಎಲ್ಲಕ್ಕಿಂತ ಕುಳ್ಳಗಿನದು ವಿಟ್ಲೋಗ್ರಾಸ್. ಕಡ್ಡಿಯ ಮೇಲೆ ಎಲೆ ಇರುವುದಿಲ್ಲ. ನಾಲ್ಕು ಎಸಳೂ ಆಳವಾಗಿ ಸೀಳಿ ಎಂಟು ಇದ್ದಂತೆ ಕಾಣುತ್ತವೆ. ಕಾಯಿ ಮೊಟ್ಟೆಯಾಕಾರ, ಚಪ್ಪಟೆ. ಚಿಕ್‌ವೀಡ್ ಕೂಡ ಹೀಗೆ ಸೀಳೆಸಳಿನದೇ, ಆದರೆ ಅದರದ್ದು ಐದು ಎಸಳು ಹತ್ತಾಗಿ ಕಾಣುವುದು.

ಲೆಸರ್ ಸ್ವೈನ್‌ಕ್ರೆಸ್‌ಗೆ ಕಣ್ಣಿಗಿಂತ ಮೂಗು ಸಾಕು. ಎಲೆ ಹೊಸಕಿದರೆ ಘಾಟು. ಎಸಳು ಕಾಣುವುದೇ ಕಷ್ಟ, ಕಾಯಿ ಮಾತ್ರ ಎರಡು ಸಣ್ಣ ಗುಂಡುಗಳನ್ನು ಜೋಡಿಸಿದಂತೆ. ದಕ್ಷಿಣ ಅಮೆರಿಕದ ಮೂಲದ ಇದು ಬೆಂಗಳೂರಿಗೂ ಬಂದು ನೆಲೆಸಿದೆ.

ಊರಿನ ಮಾತು ಬಂದಿದ್ದಕ್ಕೆ ಒಂದು ವಿಷಯ. ನಮ್ಮ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ನಾಯಿಸಾಸಿವೆಗೂ ನಾಲ್ಕೇ ಎಸಳು, ಉದ್ದನೆ ಕಾಯಿ. ಆದರೆ ಗಿಡವೆಲ್ಲ ಅಂಟಂಟು, ಒಂದು ತೊಟ್ಟಿಗೆ ಮೂರು ಅಥವಾ ಐದು ಎಲೆ, ಕೇಸರ ಆರಕ್ಕಿಂತ ಜಾಸ್ತಿ, ಕಾಯೊಳಗೆ ಆ ನಡುಪೊರೆ ಇಲ್ಲ. ಸಸ್ಯಶಾಸ್ತ್ರದವರು ಅದನ್ನು ಪಕ್ಕದ ಮನೆತನಕ್ಕೆ ಹಾಕಿದ್ದಾರೆ.

ಬ್ರಿಟನ್ನಿನಲ್ಲಿ ಜಾಗದ ಒಡೆಯರ ಒಪ್ಪಿಗೆ ಇಲ್ಲದೆ ಕಾಡುಗಿಡವನ್ನು ಬೇರು ಸಮೇತ ಕೀಳುವಂತಿಲ್ಲ, 1981ರ ಕಾಯ್ದೆ ಇದೆ. ಹಾಗಾಗಿ ಫೋಟೋ ತೆಗೆದುಕೊಳ್ಳಿ. ಮೇಲಿನಿಂದ ಬರೀ ಹೂವಿನ ಫೋಟೋ ತೆಗೆದು "ಇದ್ಯಾವುದು?" ಅಂತ ಕೇಳಿದರೆ ಸುಮ್ನೆ ವ್ಯರ್ಥ. ಪಕ್ಕದಿಂದ ಒಂದು, ಕಾಯಿ ಚೆನ್ನಾಗಿ ಕಾಣುವ ಹಾಗೆ. ಬುಡದ ಎಲೆಗಳದ್ದು ಇನ್ನೊಂದು. ಅಳತೆಗೆ ಒಂದು ನಾಣ್ಯ ಪಕ್ಕದಲ್ಲಿಡಿ.