ಬಚ್ಚಲಿಗಿಂತ ಮೊದಲು ಮಂಚದ ಹತ್ತಿರ ನೋಡಿ

ನಾನು ಮನೆಗಳಿಗೇ ಹೋಗಿ ಹಿರಿಯರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಮೈಸೂರಿನ ಹಳೇ ಬಡಾವಣೆಗಳಲ್ಲಿ ನನ್ನ ಓಡಾಟ ಜಾಸ್ತಿ. "ಅಮ್ಮ ಬಿದ್ದುಬಿಡ್ತಾರೆ ಅಂತ ಭಯ, ಬಚ್ಚಲಿಗೆ ಏನು ಹಾಕಿಸೋಣ?" ಅಂತ ಮಕ್ಕಳು ಕೇಳುತ್ತಾರೆ. ನಾನು ಮೊದಲು ಅಮ್ಮನ ಕಡೆ ತಿರುಗಿ, "ರಾತ್ರಿ ಎದ್ದು ಹೇಗೆ ಹೋಗ್ತೀರೋ ಹಾಗೇ ಈಗ ಒಂದ್ಸಲ ಹೋಗಿ ಅಮ್ಮ" ಅನ್ನುತ್ತೇನೆ. ಜೊತೆಗೇ ನಡೆಯುತ್ತೇನೆ.

ಒಬ್ಬ ಅಜ್ಜಿ ಹಾಸಿಗೆಗೆ ಎರಡೂ ಕೈ ಊರಿ, ಹಿಂದಕ್ಕೂ ಮುಂದಕ್ಕೂ ತೂಗಿ ಎದ್ದರು. ಎದ್ದವರೇ ಬೀರುವಿನ ಬಾಗಿಲು ಹಿಡಿದರು. ಅಲ್ಲಿಂದ ಗೋಡೆ. ಬಿಳಿ ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ಮಾಸಲು ಕೈಗುರುತು ಸಾಲಾಗಿತ್ತು. ಬಚ್ಚಲಲ್ಲಿ ಟವೆಲ್ ಹಾಕುವ ಸರಳು ಹಿಡಿದರು. ಅದು ಆಗಲೇ ಅಲ್ಲಾಡುತ್ತಿತ್ತು. ಹಿಡಿಕೆ ಎಲ್ಲಿ ಬೇಕು ಅಂತ ಆ ಗುರುತುಗಳೇ ಹೇಳುತ್ತವೆ. ಅಲ್ಲೇ ಗೋಡೆಗೆ ಡ್ರಿಲ್ ಮಾಡಿಸಿ ಸ್ಟೀಲ್ ಹಿಡಿಕೆ ಕೂರಿಸಿ. ಟೈಲ್ಸ್‌ಗೆ ಅಂಟಿಸುವ ರಬ್ಬರಿನದನ್ನು ನಂಬಬೇಡಿ.

ಆದರೆ ನನ್ನ ಕಣ್ಣು ಇರೋದು ಏಳುವ ಗಳಿಗೆಯ ಮೇಲೆ. ಎದ್ದಾಗ ಬಿಪಿ ಇಳಿದರೆ ತಲೆ ಸುತ್ತಿ ಬೀಳಬಹುದು. ಅದಕ್ಕೇ ಐದು ನಿಮಿಷ ಮಲಗಿಸಿ ಬಿಪಿ ನೋಡುತ್ತೇನೆ. ನಿಂತ ಮೇಲೆ 1 ಮತ್ತು 3ನೇ ನಿಮಿಷಕ್ಕೆ ಮತ್ತೆ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಲು ಹೇಳುತ್ತೇನೆ, ನಿದ್ದೆ ಮಾತ್ರೆಯೂ ಸೇರಿ. ನೀವೇ ನಿಲ್ಲಿಸಬೇಡಿ. ಈ ಅಜ್ಜಿಗೆ ಇಳಿದಿತ್ತು. ಡಾಕ್ಟರು ಬಿಪಿ ಮಾತ್ರೆ ಬದಲಿಸಿದರು. ಏಳುವ ಮುಂಚೆ ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕೂತು ಕಾಲು ಆಡಿಸುವುದನ್ನು ನಾನು ಅಭ್ಯಾಸ ಮಾಡಿಸಿದೆ.

ಇನ್ನೊಂದು ಪರೀಕ್ಷೆ ಸುಲಭ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ.

ಕಾಲಿನ ಶಕ್ತಿ ಈ ವಯಸ್ಸಲ್ಲೂ ಬರುತ್ತದೆ. ಇದನ್ನು ಮನೆಯವರಿಗೆ ನಂಬಿಸೋದೇ ಕಷ್ಟ. "ನೀವು ಕೂತ್ಕೊಳ್ಳಿ ಅಮ್ಮ, ನಾವು ಮಾಡ್ತೀವಿ" ಅನ್ನೋದು ಪ್ರೀತಿಯೇ. ಆದರೆ ಕೂತಷ್ಟೂ ತೊಡೆ ಸೊರಗುತ್ತದೆ, ಭಯವೂ ಹೆಚ್ಚುತ್ತದೆ. ಅಜ್ಜಿಗೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿಸಿದೆ, ಕುರ್ಚಿಯಿಂದ ಕೈ ಊರದೆ ಏಳಿಸಿದೆ. ಕುಕ್ಕರ್ ಕೂಗುವಷ್ಟರಲ್ಲಿ ಮುಗಿಯುವ ಕೆಲಸ. ಈಗ ತೂಗದೆ ಏಳುತ್ತಾರೆ.

ಸವೆದ ಹವಾಯಿ ಚಪ್ಪಲಿ ಇವತ್ತೇ ಬಿಸಾಡಿ. ಬಚ್ಚಲ ಮೆಟ್ಟಿಲಿನ ಅಂಚಿಗೆ ಹಳದಿ ಪೇಂಟ್ ಬಳಿದು, ಹತ್ತಿರದಲ್ಲೇ ಒಂದು ಸಣ್ಣ ರಾತ್ರಿ ಬಲ್ಬ್ ಹಾಕಿಸಿ.