ಮೊದಲು ಗಿಡ, ಆಮೇಲೆ ಮೀನು: ನಾನು ಗಿಡಗಳ ಅಕ್ವೇರಿಯಂ ಕಟ್ಟಿದ ಬಗೆ

ಗಿಡಗಳಿರುವ ಸಿಹಿನೀರಿನ ಅಕ್ವೇರಿಯಂ ಮಾಡಬೇಕೆಂದು ಹೊರಟಾಗ ನಾನು ಒಂದು ವಿಷಯವನ್ನು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ತೊಟ್ಟಿಯನ್ನು ಗಿಡಗಳಿಗಾಗಿ ಸಿದ್ಧಪಡಿಸಬೇಕು, ಮೀನುಗಳು ಎಲ್ಲಕ್ಕಿಂತ ಕೊನೆಗೆ ಬರಬೇಕು. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತಿರುಗುಮುರುಗು. ತೊಟ್ಟಿ ತಂದ ದಿನವೇ ಮೀನು ಬಿಟ್ಟು, ಚೆಂದಕ್ಕೆಂದು ನಾಲ್ಕು ಗಿಡ ನೆಡುತ್ತಾರೆ. ಆ ಗಿಡಗಳು ಬೇರು ಬಿಡುವ ಮೊದಲೇ ನೀರಿನಲ್ಲಿ ಮೀನಿನ ತ್ಯಾಜ್ಯ ಸೇರಿಕೊಂಡು, ಗಿಡ ಕೊಳೆತು, ಪಾಚಿ ಕಟ್ಟಿ, ಕೊನೆಗೆ ಮೀನೂ ಉಳಿಯುವುದಿಲ್ಲ. ಗಿಡ ನೆಲೆಗೊಂಡ ನೀರಿಗೆ ಮೀನು ಬಂದರೆ ಕೆಲಸದ ಬಹುಪಾಲನ್ನು ಗಿಡವೇ ಮಾಡುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು, ಈಗ ಅನುಭವವೂ ಆಗಿದೆ.

ನಾನು ಆರಿಸಿಕೊಂಡದ್ದು 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ಗಾಜಿನ ತೊಟ್ಟಿ. ಅಂಚಿನವರೆಗೆ ತುಂಬಿದರೆ ಸುಮಾರು 65 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮರದ ತುಂಡು ಹಾಕಿದ ಮೇಲೆ ನಿಜವಾಗಿ ಉಳಿಯುವ ನೀರು ಅದಕ್ಕಿಂತ ಕಡಿಮೆ. ಹೊಸಬರಿಗೆ ಪುಟ್ಟ ತೊಟ್ಟಿ ಸುಲಭ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನೀರು ಕಡಿಮೆಯಾದಷ್ಟೂ ಅದರ ಉಷ್ಣತೆ ಮತ್ತು ರಾಸಾಯನಿಕ ಗುಣ ಬೇಗ ಏರುಪೇರಾಗುತ್ತವೆ. ಹಾಗೆಂದು ಬಹಳ ಎತ್ತರದ ತೊಟ್ಟಿಯೂ ಬೇಡ. ತಳದ ಗಿಡಕ್ಕೆ ಬೆಳಕು ಸಾಲದಾಗುತ್ತದೆ, ನೆಡುವವರ ಕೈ ತಳ ಮುಟ್ಟುವುದಿಲ್ಲ. ಈ ಅಳತೆಯ ತುಂಬಿದ ತೊಟ್ಟಿಯ ತೂಕ ಗಾಜು, ಮರಳು ಸೇರಿ ಸುಮಾರು 80 ಕಿಲೋ ಆಗುವುದರಿಂದ ಮೇಜು ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇರಬೇಕು. ಕಿಟಕಿಯ ನೇರ ಬಿಸಿಲು ಬೀಳದ ಜಾಗ ನೋಡಿ, ಮಟ್ಟಗೋಲು ಇಟ್ಟು ಪರೀಕ್ಷಿಸಿದ ನಂತರವೇ ತೊಟ್ಟಿಯನ್ನು ಕೂರಿಸಿದೆ.

ತಳಕ್ಕೆ ಏನು ಹಾಸಬೇಕೆಂಬುದರಲ್ಲಿ ಎರಡು ದಾರಿಗಳಿವೆ. ಸುಟ್ಟ ಜೇಡಿಮಣ್ಣಿನ ಕಾಳುಗಳಂತಿರುವ ಅಕ್ವಾಸಾಯಿಲ್‌ನಲ್ಲಿ ಪೋಷಕಾಂಶ ಸಮೃದ್ಧವಾಗಿರುತ್ತದೆ, ಅದು ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) ಅನ್ನೂ ತಗ್ಗಿಸುತ್ತದೆ. ಆದರೆ ಅಂತಹ ಹಲವು ಮಣ್ಣುಗಳು ಮೊದಲ ವಾರಗಳಲ್ಲಿ ಮೀನಿಗೆ ವಿಷವಾದ ಅಮೋನಿಯವನ್ನು ಬಿಡುತ್ತವೆ, ಅವುಗಳ ಸಾರವೂ ಕಾಲಕ್ರಮೇಣ ತೀರುತ್ತದೆ. ನಾನು ಎರಡನೆಯ ದಾರಿ ಹಿಡಿದೆ. ಎರಡು ಮೂರು ಮಿಲಿಮೀಟರ್ ಗಾತ್ರದ ದಪ್ಪ ಮರಳನ್ನು, ತೊಳೆದ ನೀರು ತಿಳಿಯಾಗುವವರೆಗೆ ತೊಳೆದು, ಮುಂದೆ 4 ಸೆಂಟಿಮೀಟರ್, ಹಿಂದೆ 8 ಸೆಂಟಿಮೀಟರ್ ಬರುವಂತೆ ಇಳಿಜಾರಾಗಿ ಹಾಸಿ, ಬೇರಿನಿಂದ ಹೆಚ್ಚು ಆಹಾರ ಎಳೆಯುವ ಗಿಡಗಳ ಬುಡದಲ್ಲಿ ಮಾತ್ರ ಗೊಬ್ಬರದ ಗುಳಿಗೆ ಹುದುಗಿಸಿದೆ. ಮರಳಿನಲ್ಲಿ ಪೋಷಕಾಂಶ ಇಲ್ಲದಿರುವುದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ಎಷ್ಟು ಕೊಟ್ಟಿದ್ದೇವೆ ಎಂಬುದು ನಮಗೆ ಗೊತ್ತಿರುತ್ತದೆ, ಕಲಿಯುವವರಿಗೆ ಅದು ದೊಡ್ಡ ಅನುಕೂಲ. ಕಲ್ಲುಗಳ ಮೇಲೆ ಒಂದೆರಡು ಹನಿ ವಿನೆಗರ್ ಬಿಟ್ಟು ನೋಡಿ, ನೊರೆ ಬಂದವುಗಳನ್ನು ಬದಿಗಿಟ್ಟೆ. ಅವುಗಳಲ್ಲಿ ಸುಣ್ಣದ ಅಂಶವಿದ್ದು ನೀರಿನ ಗಡಸುತನವನ್ನು ಏರಿಸುತ್ತದೆ.

ಇನ್ನು ಬೆಳಕು. ಹೊಸ ತೊಟ್ಟಿಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ ಎಂದು ನನಗೆ ಅನ್ನಿಸುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗಿಡಕ್ಕೆ ಬೆಳಕು ಬೇಕು, ಆದ್ದರಿಂದ ಹೆಚ್ಚು ಬೆಳಕು ಕೊಟ್ಟರೆ ಹೆಚ್ಚು ಬೆಳೆಯುತ್ತದೆ ಎಂಬ ಲೆಕ್ಕ ನೀರಿನೊಳಗೆ ನಡೆಯುವುದಿಲ್ಲ. ಗಾಳಿಯೊಂದಿಗೆ ಸಮತೋಲನದಲ್ಲಿರುವ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ, ಸಿಲಿಂಡರಿನಿಂದ ಅನಿಲ ಹಾಯಿಸುವವರು ಅದನ್ನು ಸುಮಾರು 30 ಮಿಲಿಗ್ರಾಂಗೆ ಏರಿಸುತ್ತಾರೆ. ಅದರ ಮೇಲೆ, ಈ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಹೀಗಾಗಿ ನಿಂತ ನೀರಿನಲ್ಲಿ ಎಲೆಗೆ ಅಂಟಿಕೊಂಡಿರುವ ತೆಳುಪದರದಲ್ಲಿದ್ದ ಇಂಗಾಲ ಬೇಗ ಮುಗಿದು, ಎಲೆ ಬೆಳಕಿನಲ್ಲಿದ್ದರೂ ಹಸಿದಿರುತ್ತದೆ. ಗಿಡ ಬಳಸಲಾರದೆ ಬಿಟ್ಟ ಬೆಳಕು ಪಾಚಿಯ ಪಾಲಾಗುತ್ತದೆ. ಸಿಲಿಂಡರ್ ಇಲ್ಲದೆ ತೊಟ್ಟಿ ನಡೆಸಬೇಕೆಂದಿದ್ದ ನಾನು ಸಾಧಾರಣ ಶಕ್ತಿಯ ಎಲ್‌ಇಡಿ ದೀಪವನ್ನು ಟೈಮರಿಗೆ ಜೋಡಿಸಿ ದಿನಕ್ಕೆ 6 ಗಂಟೆ ಮಾತ್ರ ಉರಿಸಿದೆ, ಫಿಲ್ಟರಿನ ಹರಿವು ಎಲ್ಲ ಎಲೆಗಳನ್ನೂ ಮೆಲ್ಲಗೆ ಅಲುಗಿಸುವಂತೆ ತಿರುಗಿಸಿಟ್ಟೆ. ಹೊಸ ಎಲೆಗಳು ಬರತೊಡಗಿದ ಮೇಲೆ ಅವಧಿಯನ್ನು ಸ್ವಲ್ಪ ಸ್ವಲ್ಪವಾಗಿ 8 ಗಂಟೆಗೆ ಏರಿಸಿದೆ. ಸಂಜೆ ಮನೆಯವರೆಲ್ಲ ತೊಟ್ಟಿಯ ಮುಂದೆ ಕೂರುವ ಹೊತ್ತಿಗೆ ದೀಪವಿರಬೇಕೆಂದರೆ ಟೈಮರನ್ನು ಸಂಜೆಗೆ ಹೊಂದಿಸಿದರಾಯಿತು. ಬೆಳಗಿನಿಂದ ರಾತ್ರಿಯವರೆಗೆ ಉರಿಸಬೇಕಾಗಿಲ್ಲ.

ಗಿಡಗಳನ್ನು ಆರಿಸುವಾಗ ನಿಧಾನವಾಗಿ ಬೆಳೆಯುವವು, ಭರದಿಂದ ಬೆಳೆಯುವವು ಎರಡನ್ನೂ ಬೆರೆಸಿದೆ. ಅನೂಬಿಯಾಸ್, ಜಾವಾ ಫರ್ನ್, ಕ್ರಿಪ್ಟೋಕೊರೈನ್ ಇವು ಕಡಿಮೆ ಬೆಳಕಿನಲ್ಲಿಯೂ ವರ್ಷಗಟ್ಟಲೆ ಬಾಳುತ್ತವೆ, ಆದರೆ ಮೊದಲ ತಿಂಗಳಲ್ಲಿ ನೀರನ್ನು ಶುದ್ಧಗೊಳಿಸುವಷ್ಟು ವೇಗ ಅವಕ್ಕಿಲ್ಲ. ಆ ಕೆಲಸಕ್ಕೆ ವ್ಯಾಲಿಸ್ನೇರಿಯಾ, ವಾಟರ್ ವಿಸ್ಟೀರಿಯಾ ಮತ್ತು ಬೇರೇ ಇಲ್ಲದೆ ತೇಲುವ ಹಾರ್ನ್‌ವರ್ಟ್ ಬೇಕು. ಮೊದಲ ದಿನವೇ ತಳದ ಮುಕ್ಕಾಲು ಭಾಗ ಹಸಿರಾಗುವಷ್ಟು ನೆಟ್ಟೆ. ಎರಡೇ ಗಿಡ ನೆಟ್ಟು, ಅವು ಹಬ್ಬಲಿ ಎಂದು ಕಾಯುವುದು ಉಳಿತಾಯದಂತೆ ಕಂಡರೂ ಖಾಲಿ ಬಿಟ್ಟ ಜಾಗಕ್ಕೆ ಮೊದಲು ಬರುವುದು ಪಾಚಿಯೇ.

ನೆಡುವಾಗ ಮರಳು ತೋಯುವಷ್ಟು ನೀರು ಮಾತ್ರ ಇಟ್ಟುಕೊಂಡೆ. ಕ್ರಿಪ್ಟೋಕೊರೈನ್ ಕುಂಡದ ಬೇರಿಗೆ ಸುತ್ತಿದ್ದ, ಹತ್ತಿಯಂತಹ ನಾರನ್ನು (ರಾಕ್‌ವೂಲ್) ಚಿಮಟದಿಂದ ಎಳೆಎಳೆಯಾಗಿ ಬಿಡಿಸಿ, ಉದ್ದವಾದ ಬೇರುಗಳನ್ನು ಎರಡು ಮೂರು ಸೆಂಟಿಮೀಟರಿಗೆ ಕತ್ತರಿಸಿ, ಬುಡವನ್ನು ಚಿಮಟದಲ್ಲಿ ಹಿಡಿದು ಓರೆಯಾಗಿ ಮರಳಿನೊಳಗೆ ಇಳಿಸಬೇಕು. ಬೇಕಾದುದಕ್ಕಿಂತ ತುಸು ಆಳಕ್ಕೆ ಒತ್ತಿ, ಚಿಮಟವನ್ನು ಬಿಡಿಸಿಕೊಂಡ ಮೇಲೆ ಗಿಡವನ್ನು ಮೆಲ್ಲಗೆ ಮೇಲೆತ್ತಿದರೆ ಬೇರುಗಳು ಕೆಳಮುಖವಾಗಿ ನೆಟ್ಟಗಾಗಿ, ಎಲೆಗಳು ಹೊರಡುವ ಕೇಂದ್ರ ಮರಳಿನ ಮಟ್ಟದಲ್ಲಿ ನಿಲ್ಲುತ್ತದೆ. ಅನೂಬಿಯಾಸ್ ಮತ್ತು ಜಾವಾ ಫರ್ನ್‌ಗಳಿಗೆ ಈ ಕ್ರಮ ಸಲ್ಲದು. ಅಡ್ಡಡ್ಡ ಬೆಳೆಯುವ ಅವುಗಳ ದಪ್ಪ ಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ, ಆದ್ದರಿಂದ ಹತ್ತಿಯ ದಾರದಿಂದ ಮರದ ತುಂಡಿಗೆ ಕಟ್ಟಿದೆ. ದಾರ ಶಿಥಿಲವಾಗುವ ಹೊತ್ತಿಗೆ ಬೇರುಗಳು ಮರವನ್ನು ಹಿಡಿದುಕೊಂಡಿದ್ದವು. ನಂತರ ಒಂದು ತಟ್ಟೆಯ ಮೇಲೆ ಬೀಳುವಂತೆ ನೀರು ಸುರಿದದ್ದರಿಂದ ಮರಳು ಕದಡಲಿಲ್ಲ. ನಲ್ಲಿನೀರಿನ ಕ್ಲೋರಿನ್ ಒಂದೆರಡು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ, ಅದರ ಬದಲು ಕೆಲವೆಡೆ ಬಳಸುವ ಕ್ಲೋರಮೀನ್ ಹಾಗೆ ಹೋಗುವುದಿಲ್ಲ. ಹಾಗಾಗಿ ಪ್ರತಿ ಸಲವೂ ಕ್ಲೋರಿನ್ ನಿವಾರಕವನ್ನು ಬಳಸುತ್ತೇನೆ.

ನೆಟ್ಟ ಕೆಲವೇ ದಿನಗಳಲ್ಲಿ ಕ್ರಿಪ್ಟೋಕೊರೈನ್ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಕರಗುವಷ್ಟು ಮೆತ್ತಗಾದವು. ಇದು ರೋಗವಲ್ಲ. ಅಕ್ವೇರಿಯಂ ಗಿಡಗಳಲ್ಲಿ ಹೆಚ್ಚಿನವನ್ನು ತೋಟಗಳಲ್ಲಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಗಾಳಿಗೆಂದು ರೂಪುಗೊಂಡ ಎಲೆ ನೀರಿನೊಳಗೆ ಉಪಯೋಗಕ್ಕೆ ಬರುವುದಿಲ್ಲವಾದ್ದರಿಂದ ಗಿಡ ಅದನ್ನು ಬಿಟ್ಟುಕೊಟ್ಟು ಬೇರೆ ಎಲೆ ತರುತ್ತದೆ. ಕರಗಿದ ಎಲೆಗಳನ್ನು ಬುಡದಲ್ಲಿ ಕತ್ತರಿಸಿ ತೆಗೆದೆನೇ ಹೊರತು ಗಿಡವನ್ನು ಕೀಳಲಿಲ್ಲ. ಬೋಳಾಗಿ ನಿಂತ ಬುಡದ ನಡುವಿನಿಂದ ಸುರುಳಿ ಸುತ್ತಿಕೊಂಡ, ಸೂಜಿಯಷ್ಟು ಸಣ್ಣ ಕಂದು ಚಿಗುರು ಹೊರಟಿತು. ಬಿಚ್ಚಿಕೊಂಡಾಗ ಹಳೆಯ ಎಲೆಗಿಂತ ತೆಳುವಾಗಿ, ಕಿರಿದಾಗಿ, ಅಂಚಿನಲ್ಲಿ ಅಲೆ ಅಲೆಯಾಗಿತ್ತು. ನೀರಿನೊಳಗೆ ಹುಟ್ಟಿದ ಮೊದಲ ಎಲೆ ಅದು. ಅದನ್ನು ಕಂಡಾಗ ಆದ ಸಂತೋಷಕ್ಕಾಗಿ ನಾನು ಈಗಲೂ ಪ್ರತಿ ಹೊಸ ಗಿಡದಲ್ಲಿ ಕಾಯುತ್ತೇನೆ.

ಈ ಅವಧಿಯಲ್ಲಿಯೇ ಕಣ್ಣಿಗೆ ಕಾಣದ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಮೀನಿನ ತ್ಯಾಜ್ಯದಿಂದ, ಕೊಳೆತ ಎಲೆಯಿಂದ ಅಮೋನಿಯ ಹುಟ್ಟುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಎರಡೂ ಹಂತಗಳನ್ನು ಒಂಟಿಯಾಗಿ ಪೂರೈಸಬಲ್ಲ ನೈಟ್ರೋಸ್ಪೈರಾ ಎಂಬ ಬ್ಯಾಕ್ಟೀರಿಯಾದ ಪ್ರಭೇದಗಳಿವೆ ಎಂಬುದು 2015ರಲ್ಲಿ ತಿಳಿದುಬಂತು. ಅಮೋನಿಯ, ನೈಟ್ರೈಟ್ ಎರಡೂ ಮೀನಿಗೆ ವಿಷ. ಅದರಲ್ಲಿಯೂ ಅಮೋನಿಯದ ವಿಷಗುಣ ಪಿಎಚ್ ಮೇಲೆ ನಿಂತಿದೆ: 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಅಪಾಯಕಾರಿ ರೂಪದ್ದು ಶೇಕಡಾ ಒಂದಕ್ಕಿಂತ ಕಡಿಮೆ, ಪಿಎಚ್ 8 ಆದರೆ ಶೇಕಡಾ 5ರಷ್ಟು. ಮೀನಿಲ್ಲದ ತೊಟ್ಟಿಗೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಗುವಂತೆ ಅಮೋನಿಯ ದ್ರಾವಣ ಹಾಕಿ, ಪರೀಕ್ಷಾ ಕಿಟ್‌ನಿಂದ ಅಳೆಯುತ್ತಾ ಬಂದೆ. ಮೊದಲು ಅಮೋನಿಯದ ಕೊಳವೆ ಹಸಿರಾಗಿ ನಿಂತಿತ್ತು. ಅದು ಹಳದಿಗೆ ತಿರುಗುವ ಹೊತ್ತಿಗೆ ನೈಟ್ರೈಟ್‌ನ ಕೊಳವೆ ನೇರಳೆಯಾಯಿತು. ಆಮೇಲೆ ಅದೂ ತಿಳಿಯಾಯಿತು. ಹಾಕಿದ ಅಮೋನಿಯ 24 ಗಂಟೆಯೊಳಗೆ ಇಲ್ಲವಾಗಿ, ಎರಡರ ಅಳತೆಯೂ ಸೊನ್ನೆಗೆ ಬಂದರೆ ತೊಟ್ಟಿ ಸಿದ್ಧವಾದಂತೆ. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಭರದಿಂದ ಬೆಳೆಯುವ ಗಿಡಗಳು ಅಮೋನಿಯವನ್ನು ನೇರವಾಗಿ ಹೀರಿಕೊಳ್ಳುವುದರಿಂದ ಅವು ತುಂಬಿದ ತೊಟ್ಟಿಯಲ್ಲಿ ನೈಟ್ರೈಟ್ ಅಷ್ಟಾಗಿ ಏರದಿರುವುದೂ ಉಂಟು. ಈ ಬ್ಯಾಕ್ಟೀರಿಯಾಗಳು ಮುಖ್ಯವಾಗಿ ವಾಸಿಸುವುದು ಫಿಲ್ಟರಿನ ಸ್ಪಾಂಜ್, ಮರಳು, ಎಲೆಗಳ ಮೇಲೆಯೇ ಹೊರತು ನೀರಿನಲ್ಲಲ್ಲ. ಆದ್ದರಿಂದ ನೀರು ಬದಲಿಸಲು ಹೆದರಬೇಕಿಲ್ಲ, ಆದರೆ ಸ್ಪಾಂಜನ್ನು ನಲ್ಲಿಯ ಕೆಳಗೆ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಿಂಡಿದರೆ ಸಾಕು.

ಗಾಜಿನ ಮೇಲೆ, ಎಲೆಗಳ ಮೇಲೆ ಕಂದು ಧೂಳಿನಂತೆ ಕೂರುವ ಡಯಾಟಂ ಪಾಚಿ ಮೊದಲ ವಾರಗಳಲ್ಲಿ ಬಂತು. ಬೆರಳಿನಿಂದ ಒರೆಸಿದರೆ ಹೋಗುವಂಥದ್ದು, ತಾನಾಗಿಯೇ ಕಡಿಮೆಯಾಯಿತು. ಅದಕ್ಕೆ ಔಷಧಿ ಸುರಿಯಬಾರದು. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ.

ಗೊಬ್ಬರದ ವಿಷಯದಲ್ಲಿ ನಾನು ನಂಬಿದ್ದು ಎಲೆಗಳನ್ನು. ಸಾರಜನಕ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಅದನ್ನು ಎಳೆದು ಹೊಸ ಎಲೆಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆಗಳು ಹಳದಿಯಾಗುತ್ತವೆ. ಪೊಟ್ಯಾಸಿಯಂ ಸಾಲದಿದ್ದಾಗ ಹಳೆಯ ಎಲೆಗಳಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತುಗಳು ಕಾಣುತ್ತವೆ. ಕಬ್ಬಿಣವನ್ನು ಹಾಗೆ ಸಾಗಿಸಲಾಗದ ಕಾರಣ ಅದರ ಕೊರತೆ ಹೊಸ ಚಿಗುರು ಬಿಳಿಚಿಕೊಳ್ಳುವುದರಲ್ಲಿ ಗೊತ್ತಾಗುತ್ತದೆ. ಕೊರತೆ ಕಂಡ ಎಲೆ ಗೊಬ್ಬರ ಕೊಟ್ಟ ಮೇಲೂ ಮೊದಲಿನಂತಾಗುವುದು ಅಪರೂಪ, ಪರಿಣಾಮವನ್ನು ಮುಂದೆ ಬರುವ ಎಲೆಗಳಲ್ಲಿಯೇ ನೋಡಬೇಕು. ಅದಕ್ಕಾಗಿ ಒಂದು ಬದಲಾವಣೆ ಮಾಡಿದರೆ ಕನಿಷ್ಠ ಎರಡು ವಾರ ಇನ್ನೊಂದಕ್ಕೆ ಕೈ ಹಾಕುವುದಿಲ್ಲ.

1850ರ ಹೊತ್ತಿಗೆ ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು ಗೋಲ್ಡ್‌ಫಿಶ್ ಮತ್ತು ವ್ಯಾಲಿಸ್ನೇರಿಯಾವನ್ನು ಒಟ್ಟಿಗೆ ಇಟ್ಟು ಪ್ರಯೋಗ ನಡೆಸಿದಾಗ, ಸಾಯುವ ಎಲೆಗಳು ಕೊಳೆತು ನೀರು ಕದಡುವುದನ್ನು ಕಂಡು ಕೊಳದ ಬಸವನಹುಳುಗಳನ್ನು ಸೇರಿಸಿದರು, ನೀರು ತಿಳಿಯಾಯಿತು. ನನ್ನ ತೊಟ್ಟಿಗೂ ಮೊದಲು ಬಂದ ಪ್ರಾಣಿಗಳು ಬಸವನಹುಳುಗಳೇ, ನಂತರ ಪುಟ್ಟ ಸೀಗಡಿಗಳು, ಕೊನೆಗೆ ಗುಂಪಿನಲ್ಲಿ ಬಾಳುವ ಸಣ್ಣ ಮೀನುಗಳು. ಮೀನುಗಳನ್ನು ಎರಡು ಕಂತಿನಲ್ಲಿ ತಂದು, ಒಂದು ಕಂತು ಬಂದ ಮೇಲೆ ಅಮೋನಿಯ ಸೊನ್ನೆಯಲ್ಲಿಯೇ ಉಳಿದಿದೆಯೆಂದು ಖಚಿತವಾದ ನಂತರ ಮುಂದಿನದನ್ನು ಬಿಟ್ಟೆ. ಮೀನಿನ ಆಹಾರವೂ ಕೊನೆಗೆ ಗಿಡದ ಗೊಬ್ಬರವಾಗುವುದರಿಂದ ಸಾರಜನಕದ ಗೊಬ್ಬರವನ್ನು ಆಗ ಕಡಿಮೆ ಮಾಡಿದೆ.

ಈಗ ಕ್ರಿಪ್ಟೋಕೊರೈನ್‌ಗಳು ಹಬ್ಬಿರುವುದರಿಂದ ಅವುಗಳಿಗೆ ನೆರಳು ಮಾಡುವ ಹಾರ್ನ್‌ವರ್ಟನ್ನು ವಾರಕ್ಕೊಂದು ಹಿಡಿಯಂತೆ ತೆಗೆಯುತ್ತಿದ್ದೇನೆ. ತೆಗೆಯುವ ಮೊದಲು ನೈಟ್ರೇಟ್ ಅಳೆದು, ಅದು ಲೀಟರಿಗೆ 20 ಮಿಲಿಗ್ರಾಂ ದಾಟಿದ್ದರೆ ಆ ವಾರ ಹಾಗೆಯೇ ಬಿಡುತ್ತೇನೆ. ಕತ್ತರಿಸಿದ ಗಿಡಗಳನ್ನು ಕೆರೆಗೋ ಚರಂಡಿಗೋ ಎಸೆಯುವುದು ತಪ್ಪು. ತುಂಡೊಂದರಿಂದಲೇ ಹಬ್ಬಬಲ್ಲ ಗಿಡಗಳಿವು, ಹೊರಗಿನ ನೀರಿಗೆ ಸೇರಿದರೆ ಅಲ್ಲಿನ ಸಸ್ಯಗಳನ್ನು ಮುಚ್ಚಿಬಿಡುತ್ತವೆ. ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಕುಂಡದ ಗಿಡಗಳ ಬುಡಕ್ಕೆ ಹಾಕುತ್ತೇನೆ.